ಎರಡು ಶೋಧನೆಗಳ ನಡುವೆ

ಕಿರಿಯಳು: ಅಯ್ಯನವರೇ, ಅಡವಿಯಲ್ಲಿ ಕರ್ತನಿಗಾದ ಶೋಧನೆಯ ಭಾಗವನ್ನು ಶ್ರಮಕಾಲದ ಆರಂಭದಲ್ಲಿ ಓದುತ್ತೇವೆ. ನಲವತ್ತು ದಿನದ ಉಪವಾಸ, ಮೂರು ಶೋಧನೆ, ಮೂರು ಉತ್ತರ, ಕೊನೆಗೆ ಸೈತಾನನ ಸೋಲು. ಕೇಳುವಾಗ ಒಂದು ವಿಷಯ ಪೂರ್ತಿಯಾಗಿ ಮುಗಿದ ಸಮಾಧಾನ ಸಿಗುತ್ತದೆ. ನೀವು ಮಾತ್ರ ಪ್ರಸಂಗ ಮಾಡುವಾಗಲೆಲ್ಲ ಪಿಶಾಚನು ಹೋದದ್ದು ಸ್ವಲ್ಪ ಕಾಲಕ್ಕಷ್ಟೇ ಎಂಬ ಕೊನೆಯ ಮಾತಿನ ಮೇಲೆಯೇ ನಿಲ್ಲುತ್ತೀರಿ. ಗೆದ್ದವರಿಗೆ ಗೆಲುವಿನ ಸಂತೋಷವನ್ನೂ ಉಳಿಸದ ಮಾತು ಇದು ಅಂತ ನನಗೆ ಅನಿಸುತ್ತದೆ. ಕ್ರಿಸ್ತನು ಗೆದ್ದಾಗಿದೆ, ಅವನಲ್ಲಿ ನಾವೂ ಗೆದ್ದಾಗಿದೆ ಎಂದು ನಂಬುವವರು ಮತ್ತೊಂದು ಶೋಧನೆಯನ್ನು ಎದುರುನೋಡುತ್ತ ಕೂರುವುದು ಅಪನಂಬಿಕೆಯಲ್ಲವೇ?

ಹಿರಿಯರು: ಆ ವಚನ ನಾನು ಸೇರಿಸಿದ್ದಲ್ಲಮ್ಮ, ಲೂಕನು ಬರೆದದ್ದು. ಮತ್ತಾಯನಲ್ಲಿ ಪಿಶಾಚನು ಬಿಟ್ಟು ಹೋಗುತ್ತಾನೆ, ದೇವದೂತರು ಬಂದು ಉಪಚರಿಸುತ್ತಾರೆ. ಲೂಕನು ನಾಲ್ಕನೆಯ ಅಧ್ಯಾಯದ 13ನೆಯ ವಚನದಲ್ಲಿ ಅವನು ಹೋದದ್ದು ತಕ್ಕ ಸಮಯ ಸಿಗುವ ತನಕ ಮಾತ್ರ ಎಂದು ಹೇಳಿಬಿಡುತ್ತಾನೆ. ಹೇಳಿದವನು ಅದನ್ನು ಮರೆಯುವುದೂ ಇಲ್ಲ. 22ನೆಯ ಅಧ್ಯಾಯಕ್ಕೆ ಬಂದರೆ ಸೈತಾನನು ಯೂದನೊಳಗೆ ಹೊಗುತ್ತಾನೆ, ಸೀಮೋನ ಪೇತ್ರನನ್ನು ಒನೆದು ನೋಡಲು ಅಪ್ಪಣೆ ಕೇಳಿಕೊಂಡಿರುತ್ತಾನೆ. ಅದೇ ಊಟದಲ್ಲಿ ಕರ್ತನು ಶಿಷ್ಯರನ್ನು ತನ್ನ ಶೋಧನೆಗಳಲ್ಲೆಲ್ಲ ಜೊತೆಗಿದ್ದವರು ಎಂದು ಕರೆಯುತ್ತಾನೆ. ಅಂದರೆ ಅಡವಿಗೂ ಶಿಲುಬೆಗೂ ನಡುವಿನ ದಿನಗಳಲ್ಲೂ ಶೋಧನೆ ನಡೆದೇ ಇತ್ತು. ಕೊನೆಗೆ ಶಿಲುಬೆಯ ಕೆಳಗೆ ನಿಂತವರ ಮಾತನ್ನು ಕೇಳು. ಅಧಿಕಾರಿಗಳು, ಸಿಪಾಯಿಗಳು, ಪಕ್ಕದಲ್ಲಿ ತೂಗುತ್ತಿದ್ದ ದುಷ್ಕರ್ಮಿ, ಈ ಮೂವರೂ ನೀನು ಅಂಥವನೇ ಆಗಿದ್ದರೆ ನಿನ್ನನ್ನು ನೀನೇ ರಕ್ಷಿಸಿಕೋ ಎನ್ನುತ್ತಾರೆ. ಅಡವಿಯಲ್ಲಿ ದೇವರ ಮಗನಾಗಿದ್ದರೆ ಕಲ್ಲನ್ನು ರೊಟ್ಟಿ ಮಾಡು ಎಂದ ಅದೇ ಸವಾಲು ಈಗ ಮನುಷ್ಯರ ಬಾಯಿಂದ ಮೂರು ಸಲ ಬರುತ್ತಿದೆ. ಒಮ್ಮೆ ಪೂರ್ತಿಯಾಗಿ ಗೆದ್ದವನ ಬಳಿಗೇ ಶೋಧನೆ ಮರಳಿ ಬಂದಿರುವಾಗ, ನಮ್ಮ ಬಳಿಗೂ ಬಂದೀತು ಅಂದುಕೊಳ್ಳುವುದನ್ನು ಅಪನಂಬಿಕೆ ಎನ್ನಲಾರೆ. ಬರಲಾರದು ಅಂದುಕೊಳ್ಳುವುದಕ್ಕೇ ಸುವಾರ್ತೆಯಲ್ಲಿ ಆಧಾರವಿಲ್ಲ.

ಕಿರಿಯಳು: ಬರುತ್ತದೆ ಎಂಬುದನ್ನು ಒಪ್ಪಿದೆ. ಬಂದಾಗ ದೇವರು ಬಲ ಕೊಡುತ್ತಾನೆ ಎಂಬುದೂ ವಾಗ್ದಾನವೇ ತಾನೆ? ಸಹಿಸಲಾಗದ ಶೋಧನೆಯನ್ನು ಬರಗೊಡುವುದಿಲ್ಲ, ತಪ್ಪಿಸಿಕೊಳ್ಳುವ ಮಾರ್ಗವನ್ನೂ ಸಿದ್ಧಮಾಡುತ್ತಾನೆ ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಹಾಗಿದ್ದರೆ ಆ ಹೊತ್ತಿಗೆ ಆ ಬಲ ಸಾಕಲ್ಲ. ಮೊದಲೇ ಸಿದ್ಧರಾಗುವ ಪ್ರಶ್ನೆ ಎಲ್ಲಿ ಬಂತು?

ಹಿರಿಯರು: ಪೌಲನ ಆ ಮಾತಿನ ಹಿಂದಿನ ವಚನವನ್ನೂ ಸೇರಿಸಿ ಓದು. ನಿಂತಿದ್ದೇನೆ ಎಂದುಕೊಳ್ಳುವವನು ಬೀಳದ ಹಾಗೆ ನೋಡಿಕೊಳ್ಳಲಿ ಎಂಬ ಎಚ್ಚರಿಕೆ ಮೊದಲು, ವಾಗ್ದಾನ ಆಮೇಲೆ. ದೇವರು ಬಲವನ್ನು ಯಾವಾಗ, ಹೇಗೆ ಕೊಡುತ್ತಾನೆ ಎಂಬುದೇ ನಿನ್ನ ಪ್ರಶ್ನೆ. ಕರ್ತನು ಅಡವಿಯಲ್ಲಿ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳವು. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳ ಕುರಿತು ಮಕ್ಕಳೊಂದಿಗೆ ಮಾತಾಡಬೇಕು ಎಂಬ ಅಪ್ಪಣೆಯೂ ಆ 6ನೆಯ ಅಧ್ಯಾಯದಲ್ಲೇ ಇದೆ. ಹಸಿವಿನಿಂದ ಬಳಲಿದ ನಲವತ್ತನೆಯ ದಿನ ಹುಡುಕಿ ತೆಗೆದ ಉತ್ತರಗಳಲ್ಲ ಅವು. ನಜರೇತಿನ ಮನೆಯಲ್ಲಿ, ಸಬ್ಬತ್ ದಿನಗಳ ಸಭಾಮಂದಿರದಲ್ಲಿ, ಯಾವ ಪಿಶಾಚನೂ ಎದುರಿಗೆ ನಿಂತಿರದ ವರ್ಷಗಳಲ್ಲಿ ಒಳಗೆ ಇಳಿದಿದ್ದ ಮಾತುಗಳು. ಬಲವನ್ನು ಕೊಟ್ಟವನು ದೇವರೇ, ಆದರೆ ಅದನ್ನು ಬಹಳ ಮೊದಲೇ ಕೊಟ್ಟಿದ್ದ. ಅದೇ 8ನೆಯ ಅಧ್ಯಾಯ ಇನ್ನೂ ಒಂದು ಮಾತು ಹೇಳುತ್ತದೆ, ಅದನ್ನು ನಾವು ಸಾಮಾನ್ಯವಾಗಿ ಓದಿ ಮುಂದೆ ಹೋಗಿಬಿಡುತ್ತೇವೆ. ಅಡವಿಯ ಕಷ್ಟದ ನಲವತ್ತು ವರ್ಷ ಮುಗಿದು, ಊಟ ಮಾಡಿ ತೃಪ್ತರಾಗಿ, ಒಳ್ಳೆಯ ಮನೆ ಕಟ್ಟಿ, ದನಕುರಿ ಬೆಳ್ಳಿಬಂಗಾರ ಹೆಚ್ಚಿದ ಮೇಲೆಯೇ ದೇವರನ್ನು ಮರೆಯುವ ಅಪಾಯ ಎನ್ನುತ್ತಾನೆ ಮೋಶೆ. ನನ್ನ ವಾದವೆಲ್ಲ ಇಷ್ಟೇ: ಒಂದು ಶೋಧನೆ ಹೋಗಿ ಇನ್ನೊಂದು ಬರುವ ನಡುವೆ ಸಿಗುವ ನೆಮ್ಮದಿಯ ದಿನಗಳಲ್ಲಿ ಮುಂದಿನ ಸಲದ ಅರ್ಧಕ್ಕಿಂತ ಹೆಚ್ಚು ನಿರ್ಧಾರವಾಗಿರುತ್ತದೆ. ಶೋಧನೆಯ ಹೊತ್ತು ಬಂದಾಗ ಮೊದಲು ಮಂಕಾಗುವುದು ನಮ್ಮ ವಿವೇಚನೆಯೇ. ಆ ಹೊತ್ತಿನಲ್ಲಿ ಆಯುಧ ಹುಡುಕಲು ಬೇಕಾದ ಕಣ್ಣೇ ನಮಗೆ ಇರುವುದಿಲ್ಲ.

ಕಿರಿಯಳು: ಪೇತ್ರನ ವಿಷಯದಲ್ಲಿ ಇದು ಸರಿ ಕಾಣುವುದಿಲ್ಲ. ಅವನಷ್ಟು ಸಿದ್ಧನಿದ್ದವನು ಯಾರು? ಸೆರೆಗೂ ಸಾವಿಗೂ ಬರುತ್ತೇನೆ ಅಂದ. ಯೋಹಾನನು ಹೇಳುವಂತೆ ಕತ್ತಿಯನ್ನೂ ಹಿರಿದ. ಆದರೂ ಬಿದ್ದ.

ಹಿರಿಯರು: ಪೇತ್ರನದು ನಿಜವಾದ ಧೈರ್ಯ, ಅದನ್ನು ಹಗುರವಾಗಿ ನೋಡಬಾರದು. ಎಂಥ ಶೋಧನೆ ಬರುತ್ತದೆಂದು ತಾನೇ ಊಹಿಸಿಕೊಂಡಿದ್ದನೋ ಅದಕ್ಕೆ ಅವನು ಸಿದ್ಧನಿದ್ದ: ಸಿಪಾಯಿಗಳು, ಕತ್ತಿ, ಹೊಡೆದಾಟ. ಅದು ಬಂದಾಗ ಅವನು ಹಿಂಜರಿಯಲೂ ಇಲ್ಲ. ಬಿದ್ದದ್ದು ಅಂಗಳದ ಬೆಂಕಿಯ ಬಳಿ, ಒಬ್ಬ ದಾಸಿಯ ಪ್ರಶ್ನೆಗೆ. ಅಲ್ಲಿ ಕತ್ತಿಗೆ ಕೆಲಸವಿರಲಿಲ್ಲ. ಗೆತ್ಸೇಮನೆಯಲ್ಲಿ ಕರ್ತನು ಶಿಷ್ಯರಿಗೆ ಶೋಧನೆಗೆ ಒಳಗಾಗದಂತೆ ಪ್ರಾರ್ಥಿಸಿರಿ ಎಂದು ಎರಡು ಸಲ ಹೇಳಿದ್ದನ್ನು ಲೂಕನು ಬರೆದಿಟ್ಟಿದ್ದಾನೆ, ನಿದ್ದೆಗೆ ಮುಂಚೆ ಒಮ್ಮೆ, ನಿದ್ದೆಯ ನಂತರ ಒಮ್ಮೆ. ಸಂಕಲ್ಪ ಇತ್ತು, ಆ ಸಂಕಲ್ಪವನ್ನು ದೇವರ ಕೈಗೆ ಒಪ್ಪಿಸಬೇಕಾಗಿದ್ದ ಗಳಿಗೆ ನಿದ್ದೆಯಲ್ಲಿ ಕಳೆಯಿತು. ಸಿದ್ಧತೆ ಅಂದರೆ ಹಲ್ಲು ಕಚ್ಚಿದ ಸಂಕಲ್ಪ ಎಂದು ನೀನು ತಿಳಿದಿದ್ದರೆ, ಹೌದು, ಅದು ಸೋಲುತ್ತದೆ. ನಾನು ಹೇಳುತ್ತಿರುವುದು ಬೇರೆಯದು. ಅದನ್ನು ಸರಿಯಾಗಿ ಕಾಣಬೇಕಾದರೆ ಮೂರನೆಯ ಶತಮಾನದ ಕಾರ್ತೇಜ್ ಪಟ್ಟಣಕ್ಕೆ ಹೋಗಬೇಕು. ಒಂದು ಸಭೆ ಒಮ್ಮೆ ಬಿದ್ದು, ಎರಡನೆಯ ಶೋಧನೆ ಬರುವುದನ್ನು ಮೊದಲೇ ಕಂಡು, ಅದಕ್ಕೆ ತಯಾರಾದ ಕಥೆ ಅಲ್ಲಿದೆ.

ಕಿರಿಯಳು: ಡೀಸಿಯಸ್ ಚಕ್ರವರ್ತಿಯ ಕಾಲದ ಹಿಂಸೆಯ ವಿಷಯವೇ?

ಹಿರಿಯರು: ಅದೇ. 249ರಲ್ಲಿ ಪಟ್ಟಕ್ಕೆ ಬಂದ ಡೀಸಿಯಸ್, ಸಾಮ್ರಾಜ್ಯದ ಜನರೆಲ್ಲ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕು, ಬಲಿಯ ಮಾಂಸ ತಿನ್ನಬೇಕು, ಅಧಿಕಾರಿಗಳಿಂದ ಅದಕ್ಕೊಂದು ಚೀಟಿ ಬರೆಸಿಕೊಳ್ಳಬೇಕು ಎಂದು ಆಜ್ಞೆ ಹೊರಡಿಸಿದ. ಅಂಥ ಚೀಟಿಗಳು ನಲವತ್ತಕ್ಕಿಂತ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ, 250ರ ಬೇಸಿಗೆಯ ತಾರೀಖು ಹೊತ್ತಿವೆ. ಕಾರ್ತೇಜಿನ ಬಿಷಪರಾಗಿದ್ದವರು ಸಿಪ್ರಿಯನ್, ಮೊದಲು ಭಾಷಣಕಲೆಯ ಗುರುಗಳಾಗಿದ್ದು ಕೆಲವೇ ವರ್ಷಗಳ ಹಿಂದೆ ಕ್ರಿಸ್ತನನ್ನು ನಂಬಿದವರು. ಅವರು ಮರೆಯಲ್ಲಿದ್ದು ಪತ್ರಗಳ ಮೂಲಕ ಸಭೆಯನ್ನು ನಡೆಸಿದರು, 251ರಲ್ಲಿ ಹಿಂದಿರುಗಿದರು. ಬಿದ್ದುಹೋದವರ ಕುರಿತು ಅವರು ಆಗ ಬರೆದ ಪ್ರಬಂಧ ಎದೆ ಕಲಕುವಂಥದ್ದು. ಚಿತ್ರಹಿಂಸೆ ತಾಳಲಾರದೆ ಬಿದ್ದವರ ಬಗ್ಗೆ ಅವರಿಗೆ ಕರುಣೆ ಇದೆ. ಆದರೆ ಹೆಚ್ಚಿನವರನ್ನು ಯಾರೂ ಮುಟ್ಟಿರಲೇ ಇಲ್ಲ. ಬಂಧನಕ್ಕೆ ಮುಂಚೆಯೇ ತಾವಾಗಿ ಬಲಿಪೀಠಕ್ಕೆ ಓಡಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ಇವತ್ತೇ ಮುಗಿಸಿಬಿಡಿ ಎಂದು ಬೇಡಿಕೊಂಡರು. ಯಾಕೆ ಹೀಗಾಯಿತು ಎಂದು ಸಿಪ್ರಿಯನ್ ಕೇಳಿಕೊಳ್ಳುತ್ತಾರೆ. ಅವರ ಉತ್ತರ ಹಿಂಸೆಯ ಕ್ರೌರ್ಯದ ಕಡೆಗೆ ಹೋಗುವುದಿಲ್ಲ, ಅದಕ್ಕೆ ಹಿಂದಿನ ದೀರ್ಘವಾದ ಶಾಂತಿಯ ಕಡೆಗೆ ಹೋಗುತ್ತದೆ. ಆ ವರ್ಷಗಳಲ್ಲಿ ಪ್ರತಿಯೊಬ್ಬರೂ ಆಸ್ತಿ ಬೆಳೆಸುವುದರಲ್ಲಿ ಮುಳುಗಿದ್ದರು. ಬಿಷಪರಲ್ಲೇ ಕೆಲವರು ತಮ್ಮ ಸಭೆಗಳನ್ನು ಬಿಟ್ಟು ಲಾಭದ ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದರು, ಬಡ್ಡಿಗೆ ಸಾಲ ಕೊಡುತ್ತಿದ್ದರು. ಆಜ್ಞೆ ಬಂದ ದಿನ ಕೈ ಬಿಡಲಾಗದೆ ಹೋದದ್ದು ಆ ಆಸ್ತಿಯನ್ನೇ. ಮೋಶೆ ಹೇಳಿದ್ದ ಮಾತು ಒಂದು ದೊಡ್ಡ ಪಟ್ಟಣದಲ್ಲಿ ಅಕ್ಷರಶಃ ನಡೆದುಹೋಯಿತು.

ಕಿರಿಯಳು: ಆದರೆ ಅದು ಹೊರಗಿನಿಂದ ಬಂದ ಹಿಂಸೆ. ನಮ್ಮಲ್ಲಿ ಬಹಳ ಮಂದಿಯ ಶೋಧನೆ ಹಾಗಿರುವುದಿಲ್ಲ. ಕುಡಿತ, ಕೋಪ, ಮೊಬೈಲ್ ಪರದೆಯಲ್ಲಿ ಬರುವ ಕೆಟ್ಟ ದೃಶ್ಯ, ಸಾಲದ ಹಣದ ಆಸೆ. ಬಿಟ್ಟೆ ಅಂದುಕೊಂಡದ್ದೇ ಮತ್ತೆ ಒಳಗಿನಿಂದ ಏಳುತ್ತದೆ. ಯಾರೂ ಬಲಿಪೀಠದ ಮುಂದೆ ನಿಲ್ಲಿಸಿ ಆಯ್ಕೆ ಮಾಡು ಅನ್ನುವುದಿಲ್ಲ. ಕಾರ್ತೇಜಿನ ಹೋಲಿಕೆ ಇಲ್ಲಿಗೆ ಕೂರುತ್ತದೆಯೇ?

ಹಿರಿಯರು: ಈಗಲೇ ಹೇಳಿದೆನಲ್ಲ, ಕಾರ್ತೇಜಿನಲ್ಲೂ ಬೀಳಿಸಿದ್ದು ಒಳಗಿನ ಆಸೆಯೇ, ಆಜ್ಞೆ ಅದನ್ನು ಬಯಲಿಗೆ ತಂದಿತು ಅಷ್ಟೆ. ಇದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಬಿದ್ದವರಲ್ಲಿ ಸಿಗುವುದಿಲ್ಲ, ನಿಂತವರಲ್ಲಿ ಸಿಗುತ್ತದೆ. ಸೆರೆಮನೆಯಲ್ಲಿ ಹಸಿವು, ಹೊಡೆತ ಎಲ್ಲವನ್ನೂ ತಾಳಿ ಕ್ರಿಸ್ತನ ಹೆಸರನ್ನು ಬಿಡದೆ ಹೊರಬಂದವರನ್ನು ಸಭೆ ವೀರರೆಂದು ಗೌರವಿಸಿತು. ಅವರಲ್ಲಿ ಕೆಲವರು ಬಿಡುಗಡೆಯಾದ ಮೇಲೆ ಕುಡಿತ, ಜಗಳ, ಹೆಣ್ಣಿನ ವಿಷಯದ ಅಶಿಸ್ತು, ಇವುಗಳಿಗೆ ಇಳಿದರೆಂದು ಸಿಪ್ರಿಯನ್ ನೊಂದು ಬರೆಯುತ್ತಾರೆ. ಪ್ರಾಣಭಯಕ್ಕೆ ಬಗ್ಗದವರು ಹೊಗಳಿಕೆಯ ನಡುವೆ ಜಾರಿದರು. ಅವರು ಗೆದ್ದದ್ದು ಸುಳ್ಳಾಗಿರಲಿಲ್ಲ, ಆದರೆ ಆ ಗೆಲುವು ಮುಂದಿನದಕ್ಕೂ ಸಾಲುತ್ತದೆ ಎಂದು ನಂಬಿಬಿಟ್ಟರು. ಸೆರೆಯಲ್ಲಿ ಸಾಕ್ಷಿ ಹೇಳಿದ್ದು ಆರಂಭ ಮಾತ್ರ, ಆ ನಂತರ ಶತ್ರುವು ಇನ್ನೂ ಕೆರಳಿರುತ್ತಾನೆ, ಆದ್ದರಿಂದ ಅಪಾಯ ಹೆಚ್ಚು ಎಂದು ಸಿಪ್ರಿಯನ್ ಎಚ್ಚರಿಸಿದ್ದು ಇವರನ್ನು ಕಂಡೇ. ನಮ್ಮ ಸಭೆಗಳಲ್ಲೂ ನೋಡು. ಶ್ರಮಕಾಲದ ನಲವತ್ತು ದಿನ ಕುಡಿತ ಬಿಟ್ಟವನ ಮನೆಗೆ ಈಸ್ಟರ್ ಹಬ್ಬದ ಊಟದ ಜೊತೆಗೇ ಬಾಟಲಿ ಮರಳುತ್ತದೆ. ನಲವತ್ತು ದಿನ ಕಷ್ಟವಾಗಿತ್ತು, ಸಭೆಯೂ ಜೊತೆಗಿತ್ತು, ದಾಟಿದ. ನಲವತ್ತೊಂದನೆಯ ದಿನಕ್ಕೆ ಅವನೂ ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ.

ಕಿರಿಯಳು: ಇಲ್ಲೇ ನನ್ನ ದೊಡ್ಡ ಆಕ್ಷೇಪ. ಹೀಗೆ ಸದಾ ಎಚ್ಚರ, ಸದಾ ಕಾವಲು ಅಂದರೆ ಮನಸ್ಸು ರೋಗಕ್ಕೆ ಬೀಳುತ್ತದೆ. ಪ್ರತಿಯೊಂದು ಯೋಚನೆಯನ್ನೂ ಹಿಡಿದು ಇದು ಪಾಪವೋ ಎಂದು ಪರೀಕ್ಷಿಸುತ್ತ ನಿದ್ದೆಗೆಡುವ ವಿಶ್ವಾಸಿಗಳಿದ್ದಾರೆ. ಅಂಥವರಿಗೆ ಇನ್ನೊಂದು ಶೋಧನೆ ಬರುತ್ತಿದೆ, ಸಿದ್ಧರಾಗಿ ಎಂದರೆ ಅದು ಸುವಾರ್ತೆಯಾಗುತ್ತದೆಯೇ?

ಹಿರಿಯರು: ಅಂಥವರಿಗೆ ನಾನು ಆ ಮಾತು ಹೇಳುವುದಿಲ್ಲ. ನಿನ್ನ ಆಕ್ಷೇಪದಲ್ಲಿ ಪೂರ್ತಿ ಸತ್ಯವಿರುವ ಭಾಗ ಅದು. ತನ್ನನ್ನೇ ತಾನು ಕಾಯುತ್ತ ಬಳಲಿದ ಮನಸ್ಸಿಗೆ ಕಾವಲು ಕೆಲಸವನ್ನು ಸ್ವಲ್ಪ ಕಾಲ ಬೇರೆಯವರಿಗೆ ಬಿಡು, ನೀನು ಊಟ ಮಾಡು, ಮಲಗು, ಕೀರ್ತನೆ ಹಾಡು ಎನ್ನಬೇಕು. ಅಗತ್ಯವಿದ್ದರೆ ವೈದ್ಯರ ಬಳಿ ಕಳಿಸಬೇಕು. ಆದರೆ ಅದರಿಂದ ಸಿದ್ಧತೆಯೇ ಭಯದ ಮಗು ಎಂಬ ತೀರ್ಮಾನಕ್ಕೆ ಹೋಗಬೇಡ. ಭಯಪಡುವವನ ಕಣ್ಣು ಶೋಧನೆಯ ಮೇಲೆ ನೆಟ್ಟಿರುತ್ತದೆ. ಸಿಪ್ರಿಯನ್ ಜನರನ್ನು ಸಿದ್ಧಗೊಳಿಸಿದ ರೀತಿ ಬೇರೆ. ಬರಲಿರುವ ಹಿಂಸೆಗೆ ಮುಂಚೆ ಫಾರ್ಚುನಾಟಸ್ ಎಂಬವರ ಕೋರಿಕೆಯ ಮೇರೆಗೆ ಅವರೊಂದು ಪುಸ್ತಕ ಬರೆದರು. ಅದರಲ್ಲಿ ಅವರ ಸ್ವಂತ ಮಾತು ಕಡಿಮೆ, ವಿಷಯಕ್ಕೆ ತಕ್ಕಂತೆ ಜೋಡಿಸಿದ ವೇದವಚನಗಳೇ ಹೆಚ್ಚು. ನಾನು ಹೊಲಿದ ಅಂಗಿಯನ್ನು ನಿಮಗೆ ಕಳಿಸಿದರೆ ಅದು ನನ್ನ ಅಳತೆಯದಾಗಿರುತ್ತದೆ, ಆದ್ದರಿಂದ ನಮ್ಮನ್ನು ವಿಮೋಚಿಸಿದ ಕುರಿಮರಿಯ ಉಣ್ಣೆಯನ್ನೇ ಕಳಿಸುತ್ತಿದ್ದೇನೆ, ನಿಮ್ಮ ಅಳತೆಗೆ ನೀವೇ ಮಾಡಿಕೊಳ್ಳಿ ಎಂಬ ಅರ್ಥದ ಮುನ್ನುಡಿ ಅದಕ್ಕಿದೆ. ಓದುವವರ ಕಣ್ಣನ್ನು ಅವರು ಹಿಡಿದಿಟ್ಟದ್ದು ಕ್ರಿಸ್ತನ ಮೇಲೆ. ಕರ್ತನ ಪ್ರಾರ್ಥನೆಯ ಕುರಿತು ಅವರು ಬರೆದ ವಿವರಣೆಯೂ ಇದೇ ದಾರಿಯದು. ಶೋಧನೆಯಿಂದ ತಪ್ಪಿಸು ಎಂದು ದಿನಾ ಬೇಡುವುದು ನಮ್ಮ ಬಲಹೀನತೆಯನ್ನು ನೆನಪಿಗೆ ತಂದು ಅಹಂಕಾರವನ್ನು ಇಳಿಸುತ್ತದೆ ಎನ್ನುತ್ತಾರೆ. ಆ ಬೇಡಿಕೆ ಪ್ರಾರ್ಥನೆಯಲ್ಲಿ ಎಲ್ಲಿದೆ ನೋಡಮ್ಮ. ಅನುದಿನದ ಆಹಾರ ಕೇಳಿ, ಪಾಪಗಳ ಕ್ಷಮೆ ಕೇಳಿ, ಆಮೇಲೆ ಅದು. ಉಂಡು, ಕ್ಷಮೆ ಪಡೆದು ನಿಂತವನು ತಂದೆಯ ಮುಂದೆ ಆಡುವ ಮಾತು ಅದು.

ಕಿರಿಯಳು: ಹಾಗಾದರೆ ಒಮ್ಮೆ ಬಿದ್ದು ಎದ್ದವರ, ಎದ್ದು ಮತ್ತೆ ಬಿದ್ದವರ ಪಾಡು? ನೆಮ್ಮದಿಯ ದಿನಗಳಲ್ಲಿ ಸಿದ್ಧರಾಗಬೇಕಿತ್ತು ಎಂದರೆ ಅವರಿಗೆ ಅದು ಇನ್ನೊಂದು ತೀರ್ಪಿನಂತೆ ಕೇಳಿಸುತ್ತದೆ. ಬಿದ್ದವರಿಗೆ ಸಭೆಯ ಬಾಗಿಲನ್ನೇ ತೆರೆಯಬಾರದು ಎಂದವರೂ ಆಗ ಇದ್ದರಲ್ಲ?

ಹಿರಿಯರು: ಇದ್ದರು. ರೋಮಿನಲ್ಲಿ ನೊವೇಷಿಯನ್ ಎಂಬ ಸಭೆಯ ಹಿರಿಯರು ಆ ಪಟ್ಟು ಹಿಡಿದು 251ರಲ್ಲಿ ಬೇರೆಯಾದರು. ಇನ್ನೊಂದು ಕಡೆ, ಏನೂ ಆಗಿಲ್ಲವೆಂಬಂತೆ ಎಲ್ಲರನ್ನೂ ಕೂಡಲೇ ಒಳಗೆ ಸೇರಿಸಿರಿ ಎನ್ನುವವರಿದ್ದರು. ಆ ವರ್ಷ ಕಾರ್ತೇಜಿನಲ್ಲಿ ಸೇರಿದ ಬಿಷಪರು ನಡುವಿನ ದಾರಿ ಹಿಡಿದರು. ಬಲಿ ಕೊಡದೆ ಚೀಟಿ ಮಾತ್ರ ಪಡೆದವರನ್ನು ಒಬ್ಬೊಬ್ಬರ ಸಂಗತಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ದೀರ್ಘ ಪಶ್ಚಾತ್ತಾಪದಲ್ಲಿರುವುದು, ಅವರಿಗೆ ಸಾವಿನ ಹಾಸಿಗೆಯಲ್ಲಿ ಸಮಾಧಾನ ಕೊಡುವುದು. ಒಂದೆರಡು ವರ್ಷದಲ್ಲಿ ಗಾಲಸ್ ಚಕ್ರವರ್ತಿಯ ಕಾಲಕ್ಕೆ ಮತ್ತೊಂದು ಹಿಂಸೆಯ ಸೂಚನೆಗಳು ಕಂಡವು. ಆಗ ಸಿಪ್ರಿಯನ್ ಮತ್ತು ಜೊತೆಯ ಬಿಷಪರು ತಮ್ಮ ತೀರ್ಮಾನವನ್ನು ತಾವೇ ಬದಲಿಸಿದರು. ಈವರೆಗೆ ಕಣ್ಣೀರಿನಲ್ಲಿ ಕಾದಿದ್ದ ಎಲ್ಲರನ್ನೂ ಈಗಲೇ ಸೇರಿಸಿಕೊಳ್ಳುತ್ತೇವೆ ಎಂದು ರೋಮಿನ ಬಿಷಪ್ ಕೊರ್ನೇಲಿಯಸರಿಗೆ ಬರೆದರು. ಕಾರಣ ಕೇಳು. ಹೋರಾಟ ಬರುತ್ತಿರುವಾಗ ಇವರನ್ನು ಬರಿಗೈಯಲ್ಲಿ ಕಳಿಸಲಾಗದು. ಕ್ರಿಸ್ತನಿಗಾಗಿ ರಕ್ತ ಸುರಿಸಿರಿ ಎಂದು ಕೇಳುವ ನಾವು ಕ್ರಿಸ್ತನ ರಕ್ತದ ಪಾತ್ರೆಯನ್ನೇ ಅವರಿಗೆ ಕೊಡದಿದ್ದರೆ ಹೇಗೆ ಎಂಬುದು ಆ ಪತ್ರದ ತಿರುಳು. ಸಭೆಯ ಚರಿತ್ರೆಯಲ್ಲಿ ಇದಕ್ಕಿಂತ ಸುಂದರವಾದ ನಿರ್ಣಯವನ್ನು ನಾನು ಹೆಚ್ಚು ಕಂಡಿಲ್ಲ. ಒಮ್ಮೆ ಬಿದ್ದವರೆಂಬ ಕಾರಣಕ್ಕೆ ಇನ್ನೂ ದೂರ ಇಡುವ ಬದಲು, ಅದೇ ಕಾರಣಕ್ಕೆ ಹತ್ತಿರ ಕರೆದು ಪವಿತ್ರ ಭೋಜನದ ಮೇಜಿಗೆ ಕೂರಿಸಿದರು. ಬಿದ್ದವರು ಎರಡನೆಯ ಸಲ ನಿಲ್ಲಬಲ್ಲರು ಎಂಬ ನಂಬಿಕೆ ಬರಿಯ ಆಸೆಯಾಗಿರಲಿಲ್ಲ. ಕಾಸ್ಟಸ್, ಎಮಿಲಿಯಸ್ ಎಂಬ ಇಬ್ಬರನ್ನು ಸಿಪ್ರಿಯನ್ ಹೆಸರಿಸುತ್ತಾರೆ. ಮೊದಲ ಸಲ ಬೆಂಕಿಗೆ ಸೋತರು, ಎರಡನೆಯ ಸಲ ಆ ಬೆಂಕಿಯನ್ನೇ ಗೆದ್ದು ಪ್ರಾಣ ಕೊಟ್ಟರು.

ಕಿರಿಯಳು: ಆ ಸಿದ್ಧತೆ ಫಲ ಕೊಟ್ಟಿತೇ? ಅದು ತಿಳಿಯದೆ ಈ ವಾದ ಪೂರ್ತಿಯಾಗುವುದಿಲ್ಲ.

ಹಿರಿಯರು: ಕಾರ್ತೇಜಿನ ಮೇಲೆ ದೊಡ್ಡ ಹಿಂಸೆ ಬಂದದ್ದು 257ರಲ್ಲಿ, ವಲೇರಿಯನ್‌ನ ಆಳ್ವಿಕೆಯಲ್ಲಿ. ಸಿಪ್ರಿಯನ್‌ರನ್ನು ಕುರುಬಿಸ್ ಎಂಬ ಸಣ್ಣ ಪಟ್ಟಣಕ್ಕೆ ಗಡೀಪಾರು ಮಾಡಿದರು. ಮರುವರ್ಷ ಮರಣದಂಡನೆ ಖಚಿತವೆಂದು ತಿಳಿದಾಗ, ತಮ್ಮ ಸ್ವಂತ ಸಭೆಯ ನಡುವೆಯೇ ಸಾಕ್ಷಿ ಹೇಳಬೇಕೆಂದು ಅವರು ಬಯಸಿದರು. 258ರ ಸೆಪ್ಟೆಂಬರ್ 14ರಂದು ಕಾರ್ತೇಜಿನ ಬಳಿ ಅವರ ಶಿರಚ್ಛೇದವಾಯಿತು. ತೀರ್ಪನ್ನು ಓದಿದಾಗ ಅವರು ದೇವರಿಗೆ ಸ್ತೋತ್ರ ಹೇಳಿದರೆಂದೂ, ಸುತ್ತ ನಿಂತಿದ್ದ ವಿಶ್ವಾಸಿಗಳ ಗುಂಪು ನಮ್ಮ ತಲೆಯನ್ನೂ ಇವರೊಂದಿಗೆ ಕಡಿಯಿರಿ ಎಂದು ಕೂಗುತ್ತ ಹಿಂದೆಯೇ ನಡೆಯಿತೆಂದೂ ಆ ವಿಚಾರಣೆಯ ದಾಖಲೆ ಹೇಳುತ್ತದೆ. ಎಂಟು ವರ್ಷಗಳ ಹಿಂದೆ ಬಲಿಪೀಠಕ್ಕೆ ಓಡಿದ್ದ ಪಟ್ಟಣವೇ ಅದು. ಆ ಗುಂಪಿನಲ್ಲಿ ಅಂದು ಓಡಿದವರು ಎಷ್ಟು ಮಂದಿ ಇದ್ದರು ಎಂದು ಲೆಕ್ಕ ಹಾಕಲು ಹೋಗುವುದಿಲ್ಲ, ಒಂದು ಗುಂಪಿನ ಕೂಗಿನಿಂದ ಎಲ್ಲವೂ ಸಾಬೀತಾಯಿತು ಎನ್ನುವುದೂ ಇಲ್ಲ. ಆದರೆ 250ರ ಕಾರ್ತೇಜಿಗೂ 258ರ ಕಾರ್ತೇಜಿಗೂ ವ್ಯತ್ಯಾಸ ಕಾಣುತ್ತದೆ, ಆ ವ್ಯತ್ಯಾಸ ಹಿಂಸೆಯ ದಿನಗಳಲ್ಲಿ ಹುಟ್ಟಿದ್ದಲ್ಲ ಎಂಬುದಷ್ಟೇ ನನ್ನ ವಾದಕ್ಕೆ ಸಾಕು.

ಕಿರಿಯಳು: ಒಂದು ಮಾತು ಉಳಿಯಿತು. ಆ ನಿರ್ಣಯ ಮಾಡಿದವರು ಬಿದ್ದವರಲ್ಲ, ಬಿಷಪರು. ಬಾಗಿಲಲ್ಲಿ ಅಳುತ್ತ ನಿಂತವರು ತಮ್ಮನ್ನು ತಾವೇ ಮೇಜಿಗೆ ಕರೆದುಕೊಳ್ಳಲಾರರು. ಹಾಗಿದ್ದರೆ ನೀವು ಒಬ್ಬೊಬ್ಬ ವಿಶ್ವಾಸಿಗೆ ಸಿದ್ಧನಾಗು ಎಂದು ಪ್ರಸಂಗ ಮಾಡುವುದು ಅರ್ಧ ಮಾತ್ರ ಆಯಿತಲ್ಲ?

ಹಿರಿಯರು: ಅರ್ಧವೇ. ಇನ್ನರ್ಧ ಸಭೆಯ ಪಾಲಿನದು, ಅದನ್ನು ನಾವು ಬಹಳ ಮಟ್ಟಿಗೆ ಮಾಡುತ್ತಿಲ್ಲ. ಪೇತ್ರನು ಬೀಳುವ ಮೊದಲೇ ಕರ್ತನು ಅವನಿಗಾಗಿ ಪ್ರಾರ್ಥಿಸಿಯಾಗಿತ್ತು, ಎದ್ದ ಮೇಲೆ ಸಹೋದರರನ್ನು ಬಲಪಡಿಸುವ ಕೆಲಸವನ್ನೂ ಕೊಟ್ಟಾಗಿತ್ತು. ನಾವು ಮನೆಭೇಟಿಗೆ ಹೋಗುವುದು ಯಾರಾದರೂ ಬಿದ್ದ ಸುದ್ದಿ ಬಂದಾಗ. ಕುಡಿತ ಬಿಟ್ಟು ಆರು ತಿಂಗಳಾದವನ ಮನೆ, ಸಾಲ ತೀರಿಸಿ ಉಸಿರಾಡುತ್ತಿರುವವನ ಮನೆ, ಗಂಡಹೆಂಡತಿ ರಾಜಿಯಾಗಿ ಒಂದು ವರ್ಷವಾದ ಮನೆ, ಇವೆಲ್ಲ ನಮ್ಮ ಪಟ್ಟಿಯಿಂದ ಬಿಟ್ಟುಹೋಗುತ್ತವೆ, ಅಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತೇವೆ. ಈಸ್ಟರ್ ಕಳೆದ ಮೇಲಿನ ವಾರಗಳ ಪಟ್ಟಿಯನ್ನು ಆ ಮನೆಗಳಿಂದ ಶುರುಮಾಡಿ ನೀನೇ ಬರೆ. ಹೋದಾಗ ಶೋಧನೆಯ ಮಾತನ್ನು ಮೊದಲು ಎತ್ತಬೇಡ. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯವನ್ನು ಅವರ ಜೊತೆ ಕೂತು ಓದು, ಪವಿತ್ರ ಭೋಜನಕ್ಕೆ ಕರೆದು ಬಾ, ಯಾವ ಹೊತ್ತು ಅವರಿಗೆ ಕಷ್ಟದ್ದು ಎಂದು ಅವರಾಗಿ ಹೇಳಿದರೆ ಆ ಹೊತ್ತಿಗೆ ಫೋನ್ ಮಾಡಲು ಒಬ್ಬರನ್ನು ಗೊತ್ತುಮಾಡು. ಪಟ್ಟಿ ಬರೆದಾದ ಮೇಲೆ ನನಗೂ ಒಂದು ಪ್ರತಿ ಬೇಕು, ಅರ್ಧ ಮನೆಗಳಿಗೆ ನಾನು ಹೋಗುತ್ತೇನೆ.